ಬೇಡ್ತಿ ಗುಂಟ ಬಾಣಂತಿ ಕೋಣೆಗಳು

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯ ಉದ್ದ ಸುಮಾರು 130 ಕಿಲೋಮೀಟರ್. ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಆಗಿದ್ದ ಈ ದಾರಿಗೆ ಈಗಿನ ಸಂಖ್ಯೆ 52. ಕಡಲತಡಿಯ ತೆಂಗಿನ ತೋಟಗಳ ನಡುವೆ ಹೊರಟ ಬಸ್ಸು ಅರಬೈಲು ಘಟ್ಟ ಹತ್ತಿ, ಯಲ್ಲಾಪುರದ ಕಾಡು, ಅಡಿಕೆ ತೋಟಗಳನ್ನು ದಾಟಿ, ಕಲಘಟಗಿಯ ಗದ್ದೆಗಳನ್ನು ಹಿಂದಿಕ್ಕಿ ಹುಬ್ಬಳ್ಳಿಯ ಕರಿಮಣ್ಣಿನ ಬಯಲಿಗೆ ಬಂದು ನಿಲ್ಲುತ್ತದೆ. ಅರ್ಧ ದಿನದಲ್ಲಿ ಕರಾವಳಿ, ಮಲೆನಾಡು, ಬಯಲುಸೀಮೆ ಮೂರನ್ನೂ ತೋರಿಸುವ ಇಂಥ ದಾರಿಗಳು ನಾಡಿನಲ್ಲಿ ಹೆಚ್ಚಿಲ್ಲ.

ಈ ದಾರಿಗೆ ಆಗಾಗ ಒಂದು ಹೊಳೆ ಜೊತೆಯಾಗುತ್ತದೆ. ಧಾರವಾಡದ ಕಡೆ ಹುಟ್ಟಿ, ಮಲೆನಾಡಿನಲ್ಲಿ ಬೇಡ್ತಿ ಎನಿಸಿಕೊಂಡು, ಮಾಗೋಡಿನಲ್ಲಿ ಧುಮ್ಮಿಕ್ಕಿ, ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುವ ಹೊಳೆ ಅದು. ಊರು ಬದಲಾದ ಹಾಗೆ ಹೆಸರು ಬದಲಾಗುತ್ತದೆ, ಹರಿಯುವ ನೀರು ಅದೇ.

ಈ ದಾರಿಯ ಇಕ್ಕೆಲದ ಊರುಗಳಲ್ಲಿ ಬಾಣಂತನವೂ ಹೀಗೆಯೇ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಮೂರೂ ಸೀಮೆಗಳ ರೂಢಿ. ಆಕೆಗಾಗಿ ಮನೆಯಲ್ಲಿ ಒಂದು ಕೋಣೆ ತೆರವಾಗುತ್ತದೆ. ಹಂಡೆ ಬೆಳಗುತ್ತಾರೆ, ಎಣ್ಣೆ ಬರುತ್ತದೆ, ಹಳೆಯ ಹತ್ತಿ ಸೀರೆಗಳು ಪೆಟ್ಟಿಗೆಯಿಂದ ಹೊರಬೀಳುತ್ತವೆ. ಆ ಕೋಣೆಯ ಕಟ್ಟುಪಾಡು ಮಾತ್ರ ಊರಿಂದ ಊರಿಗೆ ಬೇರೆ. ಒಂದು ಕಡೆ ಪಥ್ಯವೆನಿಸಿದ್ದು ಇನ್ನೊಂದು ಕಡೆ ನಂಜು. ಹಿರಿಯರ ಈ ಏರ್ಪಾಟಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂಬುದನ್ನು ತಿಳಿಯಲು ಈ ದಾರಿಯಷ್ಟು ಒಳ್ಳೆಯ ಪಾಠಶಾಲೆ ಬೇರೆ ಸಿಗಲಾರದು.

ಕಡಲತಡಿಯ ಎಣ್ಣೆ ನೀರು

ಅಂಕೋಲೆಯ ಸುತ್ತಿನ ಹಳ್ಳಿಗಳಲ್ಲಿ ಬಾಣಂತನದ ಕೇಂದ್ರ ಬಚ್ಚಲುಮನೆ. ಸೌದೆ ಒಲೆಯ ಮೇಲೆ ಹಂಡೆ ಕೂತಿರುತ್ತದೆ. ತೆಂಗಿನೆಣ್ಣೆಯನ್ನು ಬಿಸಿ ಮಾಡಿ ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿ, ಅನಂತರ ಬಿಸಿನೀರು ಹೊಯ್ಯುವುದು ಇಲ್ಲಿನ ಪದ್ಧತಿ. ಈ ಕೆಲಸದಲ್ಲಿ ಪಳಗಿದ ಹೆಂಗಸರು ಊರಿಗೊಬ್ಬರಾದರೂ ಇರುತ್ತಾರೆ. ಸ್ನಾನ ಮುಗಿಸಿ ಹೊದ್ದು ಮಲಗಿದ ತಾಯಿಗೆ ಒಳ್ಳೆಯ ನಿದ್ದೆ ಬರುತ್ತದೆ. ರಾತ್ರಿಯಿಡೀ ಮಗುವಿಗೆ ಹಾಲೂಡಿಸಿ ಬೆನ್ನು, ಭುಜ ಸೋತವಳಿಗೆ ಆ ಒಂದು ಗಂಟೆ ಯಾವ ಔಷಧಕ್ಕೂ ಕಡಿಮೆಯಲ್ಲ.

ಕರಾವಳಿಯ ಇನ್ನೊಂದು ಪುಣ್ಯ ಕುಚ್ಚಲಕ್ಕಿ. ಬತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ಹೊಟ್ಟಿನ ಕೆಳಗಿನ ಪದರದಲ್ಲಿರುವ ಬಿ1 ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ. ಹಾಗಾಗಿ ಕುಚ್ಚಲಕ್ಕಿ ಗಂಜಿ ಉಣ್ಣುವ ತಾಯಿಗೆ ಅದು ಸಿಗುತ್ತದೆ. ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಬಹುಮಟ್ಟಿಗೆ ತೌಡಿನ ಜೊತೆ ಹೋಗಿರುತ್ತದೆ. ತಾಯಿಯ ಊಟದಲ್ಲಿ ಇಲ್ಲದ ಬಿ1 ಎದೆಹಾಲಿನಲ್ಲಿಯೂ ಕಡಿಮೆಯಾಗುತ್ತದೆ. ಅದರ ಕೊರತೆ ತೀವ್ರವಾದರೆ ಎಳೆಯ ಕೂಸಿನ ಹೃದಯವೇ ಸೋಲಬಹುದು. ಪಥ್ಯದ ಹೆಸರಿನಲ್ಲಿ ಬೇಳೆ, ಕಾಳು, ಸೊಪ್ಪು ಎಲ್ಲವನ್ನೂ ದೂರವಿಟ್ಟು ಬರೀ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು ಕೊಡುವ ಮನೆಗಳು ಇದನ್ನು ಗಮನಿಸಬೇಕು.

ಘಟ್ಟದ ಮೇಲಿನ ಬೆಚ್ಚನೆಯ ಕೋಣೆ

ಅರಬೈಲು ಘಟ್ಟದ ತಿರುವುಗಳು ಮುಗಿದ ಮೇಲೆ ಗಾಳಿಯೇ ಬೇರೆ. ಯಲ್ಲಾಪುರದ ಸೀಮೆಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದು ಸೆಪ್ಟೆಂಬರ್ ಕಳೆದ ಮೇಲೆ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ. ಅಡಿಕೆ ತೋಟದ ಅಂಚಿನ ಮನೆಗಳಲ್ಲಿ ಬಾಣಂತಿಯ ಕೋಣೆ ಬೆಚ್ಚಗಿರಬೇಕೆಂದು ಹಿರಿಯರು ಹೇಳಿದ್ದರ ಹಿಂದೆ ಈ ಹವೆಯ ಅನುಭವವಿದೆ. ಮಗುವನ್ನು ಅಡಿಕೆ ಹಾಳೆಯ ಮೇಲೆ ಮಲಗಿಸಿ ಮೀಯಿಸುತ್ತಾರೆ. ತಾಯಿಗೆ ಶುಂಠಿ, ಮೆಣಸು, ಓಮ ಹಾಕಿದ ಕಷಾಯ. ಹೊಟ್ಟೆಗೆ ಹತ್ತಿ ಸೀರೆಯ ಬಿಗಿಯಾದ ಪಟ್ಟಿ.

ಇದೇ ಕೋಣೆಯಲ್ಲಿ ಅಪಾಯವೂ ಉಂಟು. ಕಿಟಕಿ ಬಾಗಿಲು ಮುಚ್ಚಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾದರೋ ಕಣ್ಣಿಗೆ ಕಾಣುತ್ತದೆ, ಆದರೆ ಕೂಸಿನ ಪುಟ್ಟ ಶ್ವಾಸಕೋಶಕ್ಕೆ ಅದೂ ಒಳ್ಳೆಯದಲ್ಲ. ಬೆಚ್ಚಗಿಡಲು ಕಂಬಳಿ ಇದೆ, ತಾಯಿಯ ಮೈ ಇದೆ. ಕೆಂಡ ಬೇಕೇ ಬೇಕೆಂದರೆ ಕಿಟಕಿ ತೆರೆದಿರಬೇಕು.

ಹೊಟ್ಟೆಯ ಪಟ್ಟಿಯ ವಿಷಯದಲ್ಲಿಯೂ ಅಳತೆ ಮುಖ್ಯ. ಹದವಾಗಿ ಕಟ್ಟಿದರೆ ಬೆನ್ನಿಗೆ ಆಸರೆಯಾಗುತ್ತದೆ. ಸಿಜೇರಿಯನ್ ಆದವಳಿಗೆ ಎದ್ದು ಕೂರುವಾಗ ನೋವು ಕಡಿಮೆಯೆನಿಸಬಹುದು. ಆದರೆ ಉಸಿರುಗಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗಿಳಿದು ಗರ್ಭಾಶಯವನ್ನು ಹೊತ್ತಿರುವ ಸ್ನಾಯುಗಳ ಮೇಲೆ ಬೀಳುತ್ತದೆ. ಸಡಿಲವಾದ ಹೊಟ್ಟೆಯನ್ನು ಬಟ್ಟೆ ಮರಳಿ ಗಟ್ಟಿ ಮಾಡಲಾರದು. ಆ ಕೆಲಸ ಒಳಗಿನ ಸ್ನಾಯುಗಳದೇ.

ತೊಟ್ಟಿಲ ಊರು

ಕಿರವತ್ತಿ ದಾಟಿ ಕಾಡು ತೆಳುವಾಗುತ್ತಿದ್ದಂತೆ ಕಲಘಟಗಿ ಬರುತ್ತದೆ. ಈ ಊರಿನ ಹೆಸರು ಹೇಳಿದರೆ ಉತ್ತರ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಬಣ್ಣದ ತೊಟ್ಟಿಲು. ತೇಗದ ಮರದಲ್ಲಿ ಮಾಡಿ, ಪುರಾಣದ ಚಿತ್ರಗಳನ್ನು ಬರೆದು, ಅರಗಿನ ಹೊಳಪು ಕೊಟ್ಟ ಈ ತೊಟ್ಟಿಲುಗಳು ತಲೆಮಾರುಗಟ್ಟಲೆ ಬಾಳುತ್ತವೆ. ಒಂದು ಮನೆಯ ತೊಟ್ಟಿಲಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಮಲಗಿದ್ದುಂಟು.

ತೊಟ್ಟಿಲಿಗೆ ಇಷ್ಟು ಚಂದದ ಏರ್ಪಾಟು ಮಾಡಿದ ನಾಡು ಪಕ್ಕದ ಹೊರಸಿನ ಮೇಲೆ ಮಲಗಿದವಳ ಮೈಯೊಳಗೆ ಏನು ನಡೆಯುತ್ತಿದೆ ಎಂದು ಕೇಳಿದ್ದು ಕಡಿಮೆ. ಪಿಯುಸಿ ಜೀವಶಾಸ್ತ್ರದ ಪಾಠವೂ ಪ್ರಸವ ಮತ್ತು ಹಾಲೂಡಿಕೆಯವರೆಗೆ ಬಂದು ನಿಲ್ಲುತ್ತದೆ. ಮುಂದಿನ ಆರು ವಾರಗಳ ಕಥೆ ಪುಸ್ತಕದಲ್ಲಿಲ್ಲ.

ಆ ಕಥೆ ಸೋಜಿಗದ್ದು. ಹೆರಿಗೆಯಾದ ಕೂಡಲೇ ಗರ್ಭಾಶಯದ ತೂಕ ಸುಮಾರು ಒಂದು ಕಿಲೋ. ವಾರ ಕಳೆಯುವಷ್ಟರಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಆರು ವಾರಕ್ಕೆ ನೂರು ಗ್ರಾಂಗಿಂತ ಕಡಿಮೆ. ಕೂಸು ಮೊಲೆ ಚೀಪಿದಾಗ ಹೊಟ್ಟೆಯಲ್ಲಿ ಹಿಂಡಿದಂತಾಗುವುದು ಇದೇ ಕೆಲಸದ ಗುರುತು. ಹೊಟ್ಟೆಯ ಮುಂಭಾಗದ ಎರಡು ಉದ್ದ ಸ್ನಾಯುಗಳು ಬಸಿರಿನಲ್ಲಿ ಬದಿಗೆ ಸರಿದಿರುತ್ತವೆ. ಅವು ಮೆಲ್ಲನೆ ಹತ್ತಿರ ಬರಬೇಕು. ಸೊಂಟದ ಕೀಲುಗಳನ್ನು ಹಿಡಿದಿರುವ ನಾರುಗಳು ಇನ್ನೂ ಸಡಿಲ. ಮೂತ್ರಕೋಶ, ಗರ್ಭಾಶಯ, ಗುದದ್ವಾರಗಳನ್ನು ಕೆಳಗಿನಿಂದ ಜೋಳಿಗೆಯಂತೆ ಹೊತ್ತಿರುವ ಸ್ನಾಯುಗಳ ಹಾಸು ಹೆರಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಗ್ಗಿರುತ್ತದೆ. ಇದು ಮತ್ತೆ ಬಿಗಿಯಾಗದಿದ್ದರೆ ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುತ್ತದೆ. ವರ್ಷಗಳು ಕಳೆದ ಮೇಲೆ ಗರ್ಭಾಶಯವೇ ಕೆಳಗೆ ಜಾರಬಹುದು. ಎಷ್ಟೋ ತಾಯಂದಿರು ಇದನ್ನು ಯಾರಿಗೂ ಹೇಳದೆ ಜೀವನಪೂರ್ತಿ ಸಹಿಸಿಕೊಳ್ಳುತ್ತಾರೆ.

ಹುಬ್ಬಳ್ಳಿಯ ವಾರ್ಡು

ಕಲಘಟಗಿಯಿಂದ ಹುಬ್ಬಳ್ಳಿ ಒಂದು ಗಂಟೆಯ ದಾರಿ. ಸುತ್ತಿನ ಜಿಲ್ಲೆಗಳಿಂದ ಕಷ್ಟದ ಹೆರಿಗೆಗಳು ಬಂದು ಸೇರುವುದು ಇಲ್ಲಿಗೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು 1957ರಲ್ಲಿ ಆರಂಭವಾದದ್ದು. ಅಂದಿಗೂ ಇಂದಿಗೂ ಹೆರಿಗೆಯ ಚಿತ್ರವೇ ಬದಲಾಗಿದೆ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು ನಾಲ್ಕು ಹೆರಿಗೆಗಳಲ್ಲಿ ಒಂದು ಮಾತ್ರ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆದವು. ಅದೇ ಸಮೀಕ್ಷೆಯಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಜೇರಿಯನ್. ಅಂದರೆ ಇಂದಿನ ಬಾಣಂತಿ ಕೋಣೆಗೆ ಬರುವವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬಳ ಹೊಟ್ಟೆಯಲ್ಲಿ ಹೊಲಿಗೆ ಇರುತ್ತದೆ. ಅಜ್ಜಿಯ ಕಾಲದ ಕಟ್ಟುಪಾಡುಗಳಿಗೆ ಈ ಹೊಲಿಗೆಯ ಪರಿಚಯವಿಲ್ಲ.

ಆಸ್ಪತ್ರೆಯಲ್ಲಿ ಮೊದಲ ದಿನವೇ ನರ್ಸು ಬಂದು ‘ಏಳ್ರಿ, ಅಡ್ಡಾಡ್ರಿ’ ಎಂದಾಗ ಜೊತೆಗಿರುವ ಅವ್ವನಿಗೆ ಗಾಬರಿಯಾಗುವುದು ಸಹಜ. ಆದರೆ ಆ ಮಾತಿಗೆ ಬಲವಾದ ಕಾರಣವಿದೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಪ್ರಕೃತಿ ಬಸುರಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಕೊಟ್ಟಿರುತ್ತದೆ. ಹೆರಿಗೆಯ ನಂತರವೂ ಆರು ವಾರ ಈ ಗುಣ ಇರುತ್ತದೆ. ಮಲಗಿದಲ್ಲೇ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ, ಅದು ಶ್ವಾಸಕೋಶಕ್ಕೆ ಏರಿದರೆ ಜೀವಕ್ಕೇ ಕುತ್ತು. ನಾಲ್ಕು ಹೆಜ್ಜೆ ನಡೆಯುವುದು ಅದಕ್ಕೆ ತಡೆ.

ವ್ಯಾಯಾಮ ಎಂದರೆ ಮೈದಾನ ಸುತ್ತುವುದಲ್ಲ. ಮೊದಲ ದಿನದ ವ್ಯಾಯಾಮ ಹಾಸಿಗೆಯ ಮೇಲೆಯೇ ಆಗುತ್ತದೆ: ದೀರ್ಘವಾಗಿ ಉಸಿರಾಡುವುದು, ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಎದ್ದು ಕೂರುವಾಗ ಪಕ್ಕಕ್ಕೆ ಹೊರಳಿ ಕೈಯೂರಿ ಏಳುವುದು. ಸಿಜೇರಿಯನ್ ಆದವಳು ಕೆಮ್ಮುವಾಗ ದಿಂಬನ್ನು ಹೊಲಿಗೆಯ ಮೇಲೆ ಹಗುರಾಗಿ ಒತ್ತಿಕೊಂಡರೆ ನೋವು ಕಡಿಮೆ. ಅವಳೂ ವೈದ್ಯರು ಹೇಳಿದ ಹೊತ್ತಿಗೆ, ಸಾಮಾನ್ಯವಾಗಿ ಒಂದು ದಿನದೊಳಗೆ, ಆಸರೆ ಹಿಡಿದು ಎದ್ದು ನಡೆಯಬೇಕು.

ಕೆಳಗಿನ ಸ್ನಾಯುಗಳ ಹಾಸನ್ನು ಬಿಗಿಗೊಳಿಸುವ ವ್ಯಾಯಾಮವನ್ನು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದರು. ಇದಕ್ಕೆ ಉಪಕರಣ ಬೇಡ, ಪಕ್ಕದಲ್ಲಿ ಕೂತವರಿಗೆ ತಿಳಿಯುವುದೂ ಇಲ್ಲ. ವಾಯು ಹೋಗದಂತೆ, ಮೂತ್ರ ಬಾರದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು ಬಿಡಬೇಕು. ಅಷ್ಟೇ ಹೊತ್ತು ವಿಶ್ರಾಂತಿ. ಹತ್ತು ಸಲ, ದಿನಕ್ಕೆ ಮೂರು ಬಾರಿ. ಉಸಿರು ಕಟ್ಟಬಾರದು. ಮೂತ್ರ ಮಾಡುತ್ತಿರುವಾಗ ಮಾಡಬಾರದು, ನಳಿಕೆ ಹಾಕಿದ್ದರೆ ತೆಗೆದ ಮೇಲೆಯೇ ಆರಂಭಿಸಬೇಕು. ಮೂತ್ರ ಸೋರುವ ತೊಂದರೆ ಇದ್ದವರು ಫಿಸಿಯೊಥೆರಪಿಸ್ಟರಿಂದ ಸರಿಯಾಗಿ ಕಲಿತರೆ ಹೆಚ್ಚು ಗುಣ ಕಾಣುತ್ತದೆ.

ಹೊಟ್ಟೆಗಾಗಿ, ಮೊಣಕಾಲು ಮಡಿಸಿ ಮಲಗಿ ಉಸಿರು ಬಿಡುತ್ತಾ ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳುವುದು ಸಾಕು. ಇದೇ ಭಂಗಿಯಲ್ಲಿ ತಲೆ ಮಾತ್ರ ತುಸು ಎತ್ತಿ ಹೊಕ್ಕುಳ ಬಳಿ ಬೆರಳಿಟ್ಟರೆ ಎರಡು ಸ್ನಾಯುಗಳ ನಡುವಿನ ಸಂದು ತಿಳಿಯುತ್ತದೆ. ವಾರಗಳು ಕಳೆದರೂ ಎರಡು ಬೆರಳಿಗಿಂತ ಅಗಲವಿದ್ದರೆ ವೈದ್ಯರಿಗೆ ತೋರಿಸಬೇಕು. ಹೊಟ್ಟೆ ಕರಗಿಸುವ ಆತುರದಲ್ಲಿ ಮಲಗಿ ಏಳುವ ಕಸರತ್ತು ಮಾಡಿದರೆ ಆ ಸಂದು ಇನ್ನಷ್ಟು ಹಿಗ್ಗಬಹುದು. ನಡಿಗೆಯನ್ನು ಐದು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ಏರಿಸಬಹುದು. ಆರು ವಾರಕ್ಕೆ ಒಮ್ಮೆ ತಪಾಸಣೆ. ಅನಂತರ, ಬೇರೆ ತೊಂದರೆ ಇಲ್ಲದಿದ್ದರೆ, ವಾರಕ್ಕೆ 150 ನಿಮಿಷ ಚುರುಕಾಗಿ ಮೈ ದಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಓಟ, ಜಿಗಿತಗಳಿಗೆ ಮೂರು ತಿಂಗಳಾದರೂ ಕಾಯುವುದು ಲೇಸು.

ನೀರು ಬೇಡವೆಂದವರು ಯಾರು?

ಹುಬ್ಬಳ್ಳಿಯ ಆಚೆಗೂ, ಗದಗ, ಕೊಪ್ಪಳದ ಸೀಮೆಯಲ್ಲೂ ಬಾಣಂತಿಗೆ ಅಂಟಿನುಂಡಿ, ಅಳವಿ ಪಾಯಸ ಮಾಡಿಕೊಡುತ್ತಾರೆ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಸೇರಿದ ಉಂಡಿ ಹಾಲೂಡಿಸುವ ತಾಯಿಗೆ ಬೇಕಾದ ಶಕ್ತಿ ಕೊಡುತ್ತದೆ. ಅಳವಿ ಬೀಜದಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ. ಈ ಅಡುಗೆಮನೆಯ ಜಾಣತನಕ್ಕೆ ಕೈಮುಗಿಯಬೇಕು.

ಅದೇ ಮನೆಯಲ್ಲಿ ‘ನೀರು ಭಾಳ ಕುಡೀಬ್ಯಾಡ, ಹೊಟ್ಟಿ ದೊಡ್ಡದಾಗತೈತಿ’ ಎಂಬ ಮಾತೂ ಕೇಳಿಬರುತ್ತದೆ. ಘಟ್ಟದ ಮೇಲೆ, ಕೆಳಗೆ ಕೂಡ ಈ ಮಾತು ಬೇರೆ ಬೇರೆ ಧಾಟಿಯಲ್ಲಿ ಇದೆ. ಬಾಣಂತನದ ನಂಬಿಕೆಗಳಲ್ಲಿ ಇದರಷ್ಟು ಅಪಾಯದ್ದು ಇನ್ನೊಂದಿಲ್ಲ. ಎದೆಹಾಲಿನ ಬಹುಪಾಲು ನೀರೇ. ಹಾಲೂಡಿಸುವ ತಾಯಿ ನೀರು ಕುಡಿಯದಿದ್ದರೆ ಮಲಬದ್ಧತೆ, ಉರಿಮೂತ್ರ ಮಾತ್ರವಲ್ಲ, ಮೊದಲೇ ಹೆಪ್ಪುಗಟ್ಟುವ ಗುಣವಿರುವ ರಕ್ತ ಇನ್ನಷ್ಟು ಮಂದವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ನೀರಿನ ಕೊರತೆ, ರಕ್ತಹೀನತೆಗಳು ಇದಕ್ಕೆ ಇಂಬುಕೊಡುತ್ತವೆ ಎಂಬುದು ವೈದ್ಯರ ಅಭಿಪ್ರಾಯ. ತೀವ್ರ ತಲೆನೋವು, ವಾಂತಿ, ಮೂರ್ಛೆ ಅದರ ಲಕ್ಷಣಗಳು. ಹಿಂದೆ ಇದನ್ನು ಸೋಂಕು, ದೃಷ್ಟಿ ಎಂದು ತಿಳಿದು ಕಾಲ ಕಳೆದದ್ದೂ ಉಂಟು. ಕಾದಾರಿದ ನೀರಾಗಲಿ, ಬಿಸಿನೀರಾಗಲಿ, ಬಾಯಾರಿದಷ್ಟೂ ಕೊಡಬೇಕು. ಪ್ರತಿ ಸಲ ಹಾಲೂಡಿಸಲು ಕೂರುವಾಗ ಕೈಗೆಟಕುವಲ್ಲಿ ಒಂದು ಚೊಂಬು ನೀರು ಇಟ್ಟರೆ ಅರ್ಧ ಕೆಲಸ ಆದಂತೆ.

ರಕ್ತಹೀನತೆಯ ಮಾತೂ ಸಣ್ಣದಲ್ಲ. 2019-21ರ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ಅದಕ್ಕೇ ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ ಕೊಡುವ ಏರ್ಪಾಟು ಸರ್ಕಾರದಲ್ಲಿದೆ. ರಕ್ತವಿಲ್ಲದ ಮೈಗೆ ಯಾವ ವ್ಯಾಯಾಮವೂ ಹತ್ತುವುದಿಲ್ಲ.

ನಲವತ್ತು ದಿನ ಎಲ್ಲರಿಗೂ ಇಲ್ಲ

ಈ ದಾರಿಯ ಬಸ್ಸಿನ ಕಿಟಕಿಯಿಂದ ಕಾಣುವ ಗದ್ದೆ, ತೋಟಗಳಲ್ಲಿ ದುಡಿಯುವ ಕೂಲಿ ಹೆಂಗಸರಿಗೆ ಬಾಣಂತಿ ಕೋಣೆಯೇ ಒಂದು ಐಷಾರಾಮ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ ಕಾನೂನಿನಲ್ಲಿದೆ. ಆದರೆ ಅದು ಕಚೇರಿ, ಕಾರ್ಖಾನೆಗಳ ನೌಕರಿಯಲ್ಲಿರುವವರಿಗೆ. ಸೌದೆ ಹೊರುವವಳಿಗೆ, ನಾಟಿ ಮಾಡುವವಳಿಗೆ ರಜೆ ಕೊಡುವವರಿಲ್ಲ. ಒಂದು ಮನೆಯಲ್ಲಿ ತಾಯಿ ನಲವತ್ತು ದಿನ ನೆಲಕ್ಕೆ ಕಾಲಿಡದೆ ಮಲಗುತ್ತಾಳೆ. ಇನ್ನೊಂದರಲ್ಲಿ ಹದಿನೈದನೇ ದಿನಕ್ಕೆ ತುಂಬಿದ ಕೊಡ ಹೊರುತ್ತಾಳೆ. ಮೊದಲನೆಯವಳಿಗೆ ರಕ್ತ ಹೆಪ್ಪುಗಟ್ಟುವ ಭಯ, ಎರಡನೆಯವಳಿಗೆ ಗರ್ಭಾಶಯ ಜಾರುವ ಭಯ. ಮೈ ಕೇಳುವುದು ಇವೆರಡರ ನಡುವಿನ ದಾರಿಯನ್ನು: ಮೊದಲ ದಿನದಿಂದ ಮೆಲ್ಲನೆ ನಡೆಯಬೇಕು, ಆರು ವಾರದವರೆಗೆ ಕೂಸಿಗಿಂತ ಭಾರವಾದದ್ದನ್ನು ಎತ್ತಬಾರದು.

ಬಡ ಮನೆಗಳಿಗೂ ಕೆಲವು ಆಸರೆಗಳಿವೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಮಧ್ಯಾಹ್ನದ ಊಟ ಸಿಗುವಂತಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಆಕೆ ಬಂದಾಗ ಮಗುವಿನ ತೂಕದ ಜೊತೆ ತಾಯಿಯ ನೋವು, ಸ್ರಾವ, ಹೊಲಿಗೆಗಳ ಮಾತನ್ನೂ ನಾಚಿಕೆ ಬಿಟ್ಟು ಹೇಳಬೇಕು.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಸಿಕ್ಕುವುದು, ಒಂದು ಗಂಟೆಯಲ್ಲಿ ಪ್ಯಾಡು ತೊಯ್ಯುವಷ್ಟು ರಕ್ತ, ಜ್ವರ, ದುರ್ವಾಸನೆಯ ಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಊದಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಎರಡು ವಾರ ಕಳೆದರೂ ಅಳು, ನಿರಾಸೆ, ಮಗುವಿನ ಮೇಲೆ ಬೇಸರ ಹೋಗದಿದ್ದರೆ ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆಯಿದೆ.

ಮನೆಯವರ ಪಾಲು

ಬಾಣಂತಿಗೆ ವ್ಯಾಯಾಮ ಹೇಳಿಕೊಡುವುದು ಸುಲಭ, ಅದಕ್ಕೆ ಬಿಡುವು ಮಾಡಿಕೊಡುವುದು ಕಷ್ಟ. ಕೂಸು ಎತ್ತಿಕೊಳ್ಳುವವರು ಇದ್ದರೆ ತಾನೇ ಅವಳು ಅಂಗಳದಲ್ಲಿ ಹತ್ತು ನಿಮಿಷ ನಡೆಯುವುದು? ಇಲ್ಲಿ ಮನೆಯ ಓದುವ ಮಕ್ಕಳ ಪಾಲು ದೊಡ್ಡದು. ಕಾಲೇಜಿಗೆ ಹೋಗುವ ತಮ್ಮ ಸಂಜೆ ಅರ್ಧ ಗಂಟೆ ಕೂಸನ್ನು ನೋಡಿಕೊಂಡರೆ ಅಕ್ಕನಿಗೆ ಆ ಅರ್ಧ ಗಂಟೆ ಸಿಗುತ್ತದೆ. ಹೈಸ್ಕೂಲಿನ ತಂಗಿ ನೀರಿನ ಚೊಂಬು ತುಂಬಿಡಬಹುದು, ಮಾತ್ರೆಯ ಲೆಕ್ಕ ಇಡಬಹುದು. ತಂದೆಯಾದವನು ಆರನೇ ವಾರದ ತಪಾಸಣೆಯ ದಿನವನ್ನು ಮರೆಯದೆ ಕರೆದೊಯ್ಯಬಹುದು. ಇವಾವುದಕ್ಕೂ ಹಣ ಬೇಡ.

ಅಜ್ಜಿಯನ್ನು ಎದುರು ಹಾಕಿಕೊಳ್ಳುವ ಅಗತ್ಯವೂ ಇಲ್ಲ. ಅವರ ಎಣ್ಣೆ, ಬಿಸಿನೀರು, ಅಂಟಿನುಂಡಿ, ಹೊರಗಿನವರು ಬಂದು ದಣಿಸದಂತೆ ಹಾಕಿದ ತಡೆ ಎಲ್ಲವೂ ಇರಲಿ. ಅದರ ಜೊತೆಗೆ ಕಿಟಕಿ ತೆರೆಯಲಿ, ನೀರು ಸಿಗಲಿ, ತಟ್ಟೆಗೆ ಸೊಪ್ಪು ಬೇಳೆ ಬರಲಿ, ದಿನಕ್ಕೆ ಎರಡು ಸಲ ಅಂಗಳದ ನಡಿಗೆ ಆಗಲಿ. ಆಸ್ಪತ್ರೆಯ ನರ್ಸಮ್ಮನೇ ಅಜ್ಜಿಗೆ ನೇರವಾಗಿ ಎರಡು ಮಾತು ಹೇಳಿದರೆ ಅವರು ಬೇಗ ಒಪ್ಪುತ್ತಾರೆ. ಆದ್ದರಿಂದ ಬಿಡುಗಡೆಯ ದಿನ ಬಾಣಂತಿಯ ಜೊತೆ ಮನೆಯ ಹಿರಿಯರೊಬ್ಬರು ಆ ಮಾತು ಕೇಳಲು ಇರುವುದು ಒಳ್ಳೆಯದು.

ಬೇಡ್ತಿ ಹೊಳೆ ಅವಸರವಿಲ್ಲದೆ ಬಯಲಲ್ಲಿ ಹರಿದು, ಘಟ್ಟದಲ್ಲಿ ಇಳಿದು, ಕಡಲು ಮುಟ್ಟುತ್ತದೆ. ಅದರ ದಡದ ಮನೆಗಳಲ್ಲಿ ಈ ವರ್ಷವೂ ಹಂಡೆ ಒಲೆಗೇರುತ್ತದೆ, ತೊಟ್ಟಿಲು ಅಟ್ಟದಿಂದ ಇಳಿಯುತ್ತದೆ. ಕೂಸಿನ ತೊಟ್ಟಿಲು ತೂಗುವ ಕೈಗಳಲ್ಲಿ ಒಂದು ಕೈ ತಾಯಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಲಿಕ್ಕೂ ಇರಬೇಕು.